ನವೆಂಬರ್ ಡ್ರಿಲ್ ಬರೆದವಳು

ಲೋರ್ನಾ ಕುಬಿಯಾಕ್ ಹನ್ನೊಂದು ವರ್ಷ ಸೈನ್ಯದಲ್ಲಿದ್ದು, ಏಳು ಊರಿನ ನೀರು ಕುಡಿದು ಲಾರ್ಚ್ ಫಾಲ್ಸಿಗೆ ವಾಪಸಾದಾಗ ಅವಳಿಗೆ ಮೂವತ್ತಾರು ನಡೆಯುತ್ತಿತ್ತು. ನಡುವೆ ಒಂದು ಮದುವೆ ಆಗಿ, ಮುರಿದೂ ಹೋಗಿತ್ತು. ಗಂಡ ಕಾನ್ಸಾಸಿನಲ್ಲೇ ಉಳಿದ. ಅವನ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಅವಳೂ ಹೇಳುತ್ತಿರಲಿಲ್ಲ. ಚಕ್ರ ಇರುವ ಯಾವುದನ್ನು ಕೊಟ್ಟರೂ ಓಡಿಸುತ್ತಿದ್ದಳು. ಊರಿಗೆ ಬಂದ ಮೊದಲ ವಾರವೇ ಶಾಲೆಯ ಬಸ್ಸು ಅವಳ ಕೈಗೆ ಬಂತು, ಎರಡನೇ ವಾರ ಊರಿನ ಮೀಸಲು ಪಡೆಯವರು ಬಂದು ಹೆಸರು ಬರೆಸಿಕೊಂಡು ಹೋದರು.

ವಿಸ್ಕಾನ್ಸಿನ್ನಿನ ಉತ್ತರದ ಮೂಲೆಯಲ್ಲಿರುವ ಈ ಊರಿಗೆ ಎರಡು ಚರ್ಚು, ಐದು ಬಾರು ಮತ್ತು ಒಂದು ಆರ್ಮರಿ. ಆರ್ಮರಿ ಎಂದರೆ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ, ಹಿಂದೆ ಸೈನ್ಯದ ಲಾರಿಗಳ ಸಾಲು. ತಿಂಗಳಿಗೊಂದು ಶನಿವಾರ-ಭಾನುವಾರ ಊರಿನ ಮೆಕ್ಯಾನಿಕ್ಕು, ಹಾಲಿನವನು, ಗಣಿತದ ಮೇಷ್ಟ್ರು ಎಲ್ಲರೂ ಸಮವಸ್ತ್ರ ತೊಟ್ಟು ಅಲ್ಲಿ ಸೈನಿಕರಾಗುತ್ತಾರೆ. ಅದಕ್ಕೆ ಡ್ರಿಲ್ ಎಂದು ಹೆಸರು. ಸೋಮವಾರ ಬೆಳಿಗ್ಗೆ ಮತ್ತೆ ಮೆಕ್ಯಾನಿಕ್ಕು ಮೆಕ್ಯಾನಿಕ್ಕೇ. ಆದರೆ ಉಳಿದ ದಿನಗಳಲ್ಲಿ ಆ ಕಟ್ಟಡದಲ್ಲಿ ಕೂತು ಕಾಗದಪತ್ರ ನೋಡಿಕೊಳ್ಳಲು ಪೂರ್ಣಾವಧಿಯ ಒಬ್ಬರು ಬೇಕು. ಹಿಂದಿನ ಅಕ್ಟೋಬರಿನಲ್ಲಿ ಆ ಕುರ್ಚಿ ಖಾಲಿಯಾದಾಗ ಲೋರ್ನಾ ಬಸ್ಸಿನ ಕೀಲಿ ಕೊಟ್ಟು ಅಲ್ಲಿ ಕೂತಳು. ಒಂದು ವರ್ಷದ ಮಟ್ಟಿಗೆ, ತಾತ್ಕಾಲಿಕವಾಗಿ.

ವರ್ಷ ಮುಗಿಯುತ್ತ ಬಂದಾಗ ಅವಳ ಮೇಜಿನ ಮೇಲೆ ಎರಡು ಅರ್ಜಿಗಳಿದ್ದವು. ಒಂದು, ಇದೇ ಕುರ್ಚಿಯಲ್ಲಿ ಕಾಯಂ ಆಗಿ ಕೂರುವುದಕ್ಕೆ. ಇನ್ನೊಂದು, ಹಳೆಯ ದಂಡಿಗೇ ವಾಪಸು ಹೋಗುವುದಕ್ಕೆ. ಅದಕ್ಕೆ ಸಹಿ ಹಾಕಿದರೆ ಅಕ್ಟೋಬರ್ ಹದಿನೈದಕ್ಕೆ ಜರ್ಮನಿ. ಎರಡರಲ್ಲೂ ಅದೇ ಸಮವಸ್ತ್ರ, ಅದೇ ಸಂಬಳ, ಇಪ್ಪತ್ತು ವರ್ಷ ತುಂಬಿದರೆ ಅದೇ ಪಿಂಚಣಿ. ಸೆಪ್ಟೆಂಬರ್ ಮೂವತ್ತರೊಳಗೆ ಒಂದಕ್ಕೆ ಸಹಿ ಬೀಳಬೇಕು, ಎರಡಕ್ಕೂ ಬೀಳದಿದ್ದರೆ ಮತ್ತೆ ಶಾಲೆಯ ಬಸ್ಸು.

ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಅಲ್ಲಿ ಮೂರು ವರ್ಷಕ್ಕೊಮ್ಮೆ ಊರು ಬದಲು. ಹಳೇ ಮನೆಯ ಕಿಟಕಿ ಪರದೆಗಳ ಜೊತೆ ಹಳೇ ತಪ್ಪುಗಳನ್ನೂ ಅಲ್ಲೇ ಬಿಟ್ಟು ಎದ್ದು ಹೋಗಬಹುದು. ಅಲ್ಲಿ ಸಿಪಾಯಿಗೆ 'ಓಡು' ಎಂದರೆ ಓಡುತ್ತಾನೆ. ಇಲ್ಲಿ ಓಡು ಎಂದರೆ, "ಲೋರ್ನಾ, ಸೋಮವಾರ ನಿಮ್ಮಮ್ಮನ ಮನೆ ಬಾಯ್ಲರ್ ನೋಡೋಕ್ ಬರೋನು ನಾನೇ, ನೆನಪಿರ್ಲಿ" ಎಂದು ಹೇಳಿ, ಆಮೇಲೆ ಓಡುತ್ತಾನೆ, ಅದೂ ಅವನಿಗೆ ಮನಸ್ಸಾದಷ್ಟು. ಲೋರ್ನಾ ಎಂಬ ಸಾರ್ಜೆಂಟು ಇವರ ಕಣ್ಣಿಗೆ ಇನ್ನೂ ಹತ್ತು ವರ್ಷದ ಹುಡುಗಿಯೇ. ಹಾಗಾಗಿ ಅವಳಿಗೆ ಯಾವ ಸಹಿಯೂ ಕೈಗೆ ಹತ್ತುತ್ತಿರಲಿಲ್ಲ.

ತಾಯಿಯಾದವಳು ಮಗಳನ್ನು ಊರಲ್ಲೇ ಇರು ಎಂದು ಸೆರಗೊಡ್ಡಿ ಬೇಡಬೇಕು. ಬರ್ನಡೀನ್ ಕುಬಿಯಾಕ್ ಆ ಜಾತಿಯವಳಲ್ಲ. ಅವಳಿಗೆ ಎಪ್ಪತ್ತು ತುಂಬಿತ್ತು, ಊರಿನ ಹೆಂಗಸರ ಬೋಲಿಂಗ್ ತಂಡಕ್ಕೆ ಅವಳೇ ನಾಯಕಿ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ ಸಿಗುತ್ತಿರಲಿಲ್ಲ.

"ಜರ್ಮನಿಗ್ ಹೋಗೇ," ಎಂದಳು ಆಲೂಗಡ್ಡೆ ಸುಲಿಯುತ್ತ. "ಮೂರು ವರ್ಷ ಮನೆ ಕೊಡ್ತಾರೆ. ನಾನು ಮೂರು ಸಲ ಬರ್ತೀನಿ. ಅಲ್ಲಿಂದ ಪೋಲಂಡಿಗೆ ಬಸ್ಸಿದೆಯಂತೆ."

"ಅಮ್ಮಾ, ನಾನು ಹೋಗೋದು ಕೆಲಸಕ್ಕೆ."

"ನೀನು ಕೆಲಸ ಮಾಡ್ಕೋ, ಯಾರ್ ಬೇಡ ಅಂದ್ರು? ನಾನು ಬಸ್ ಹತ್ತೀನಿ. ಇಲ್ಲೇ ಕೂತು ಏನ್ ಮಾಡ್ತೀಯ? ಆ ಬಾಯ್ಲರ್ ರಿಪೇರಿಯವನಿಗೆ ಸೆಲ್ಯೂಟ್ ಹೊಡೆಯೋದು ಕಲಿಸ್ತೀಯಾ?"

ಹೀಗೆ ತಕ್ಕಡಿ ಅತ್ತಿತ್ತ ತೂಗುತ್ತಿದ್ದಾಗ ಆಗಸ್ಟ್ ಡ್ರಿಲ್ ಬಂತು. ಆ ಶನಿವಾರ ಬೆಳಿಗ್ಗೆ ಲೋರ್ನಾ, ಅಕ್ಟೋಬರಿನಿಂದ ಶುರುವಾಗುವ ಸೈನ್ಯದ ಹೊಸ ವರ್ಷದ ಡ್ರಿಲ್ ದಿನಗಳ ಪಟ್ಟಿಯನ್ನು ಆರ್ಮರಿಯ ಗೋಡೆಗೆ ಅಂಟಿಸಿದಳು. ಪಟ್ಟಿ ಬರೆದವಳು ಅವಳೇ, ಮೇ ತಿಂಗಳಲ್ಲಿ ಮೂರು ದಿನ ಕೂತು. ಕಂಪನಿಯ ಕ್ಯಾಪ್ಟನ್ ಸಹಿ ಹಾಕಿದ್ದ, ಮೇಲಿನ ಬೆಟಾಲಿಯನ್ ಆಫೀಸಿನಿಂದ ಜುಲೈನಲ್ಲಿ ಒಪ್ಪಿಗೆಯೂ ಬಂದಿತ್ತು. ಅವಳು ಕಾಫಿ ತರಲು ಒಳಗೆ ಹೋದಳು.

ಶಾಲೆಯ ಬಸ್ಸುಗಳ ಮೆಕ್ಯಾನಿಕ್ ರಸೆಲ್ ಹಾಬೆಕ್ ಪಟ್ಟಿಯ ಮೇಲೆ ಬೆರಳಿಟ್ಟು ಓದುತ್ತ ಬಂದ. ಅಕ್ಟೋಬರ್ ದಾಟಿದ ಬೆರಳು ನವೆಂಬರಿನ ಮೇಲೆ ನಿಂತುಬಿಟ್ಟಿತು. ಹಾಬೆಕ್ ಟೋಪಿ ತೆಗೆದ. ಯಾರೋ ತೀರಿಕೊಂಡರೆ ತೆಗೆಯುತ್ತಾರಲ್ಲ, ಹಾಗೆ.

"ಯಾವ ನನ್ಮಗನ್ರೀ ಇದನ್ನ ಬರ್ದಿದ್ದು?"

ನವೆಂಬರ್ ಡ್ರಿಲ್ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರದ ಹಿಂದಿನ ಶನಿವಾರಕ್ಕೆ ಬಿದ್ದಿತ್ತು.

ಆ ಶನಿವಾರ ಯಾವುದು ಎಂದು ಲಾರ್ಚ್ ಫಾಲ್ಸಿನಲ್ಲಿ ನಾಯಿಗೂ ಗೊತ್ತು. ಜಿಂಕೆ ಬೇಟೆ ಶುರುವಾಗುವುದು ಅಂದೇ. ಬೆಳಕು ಹರಿಯುವ ಮುಂಚೆ ಇಡೀ ಊರು ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಕಾಡಿನಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತದೆ. ಸೋಮವಾರ ಶಾಲೆ ತೆರೆಯುವುದಿಲ್ಲ, ತೆರೆದರೆ ಪಾಠ ಹೇಳುವವರಾರು? ಪಾದ್ರಿಗಳು ಭಾನುವಾರದ ಪೂಜೆಯನ್ನು ಶುಕ್ರವಾರ ಸಂಜೆಯೇ ಮುಗಿಸಿ ಬಂದೂಕು ಒರೆಸಲು ಹೊರಡುತ್ತಾರೆ. ಆ ದಿನ ಮದುವೆ ಇಟ್ಟುಕೊಂಡವರ ಮದುವೆಗೆ ಹೆಣ್ಣಿನ ಅಪ್ಪನೂ ಬರುವುದಿಲ್ಲ. ಅಂಥ ದಿನ ತೊಂಬತ್ತು ಜನ ಎರಡು ಗಂಟೆ ದೂರದ, ಗುರಿ ಹೊಡೆಯುವ ಮೈದಾನಕ್ಕೆ ಲಾರಿಯಲ್ಲಿ ಹೋಗಿ ಬರಬೇಕು ಎಂದು ಪಟ್ಟಿ ಹೇಳುತ್ತಿತ್ತು.

"ಕಾಡು ತುಂಬ ಜಿಂಕೆ ಇರೋ ದಿನ ಕಾಗದಕ್ಕೆ ಗುಂಡ್ ಹೊಡೀಬೇಕಾ?" ಎಂದು ಹಾಬೆಕ್ ಅಳುವ ದನಿಯಲ್ಲಿ ಕೇಳಿದ.

ಅಷ್ಟರಲ್ಲಿ ಆರ್ವಿಲ್ ಸ್ಟಾನೆಕ್ ಗುಂಪು ಸೀಳಿಕೊಂಡು ಮುಂದೆ ಬಂದ. ಅವನು ಕಂಪನಿಯ ಹಿರಿಯ ಸಾರ್ಜೆಂಟು. ವಾರದ ದಿನಗಳಲ್ಲಿ ಊರಿನ ಕಸಾಯಿ. ಜನ ಹೊಡೆದು ತಂದ ಜಿಂಕೆಗಳನ್ನು ಕೊಯ್ದು, ಸಾಸೇಜು ಮಾಡಿ ಕೊಡುವವನು. ಬೇಟೆಯ ಒಂಬತ್ತು ದಿನ ಅವನ ಅಂಗಡಿಯ ಮುಂದೆ ಮೈಲುದ್ದದ ಸಾಲು. ಅವನು ಕನ್ನಡಕ ಏರಿಸಿ ಪಟ್ಟಿಯ ತಳದ ಸಹಿ ಓದಿದ.

"ಪ್ರೆಂಟಿಸ್," ಎಂದ. ಆಮೇಲೆ, "ಇಲಿನಾಯ್," ಎಂದ.

ತೀರ್ಪು ಅಷ್ಟಕ್ಕೇ ಮುಗಿಯಿತು. ಕ್ಯಾಪ್ಟನ್ ಹ್ಯೂ ಪ್ರೆಂಟಿಸ್ ಊರಿನ ಹಲ್ಲಿನ ಡಾಕ್ಟರು. ಆರು ವರ್ಷದಿಂದ ಇಲ್ಲೇ ಇದ್ದಾನೆ, ಒಳ್ಳೆಯವನು, ಕೈ ಹಗುರ. ಆದರೆ ಹುಟ್ಟಿದ್ದು ಗಡಿಯ ಆಚೆ, ಇಲಿನಾಯ್ ರಾಜ್ಯದಲ್ಲಿ. ನಮ್ಮ ಕಡೆ ಆ ರಾಜ್ಯದವರಿಗೆ ಲಾರಿ ತಿರುಗಿಸಲು ಬರುವುದಿಲ್ಲ, ಮೀನು ಹುರಿಯಲು ಬರುವುದಿಲ್ಲ ಎಂಬ ನಂಬಿಕೆ ತಾಯಿಹಾಲಿನ ಜೊತೆ ಬಂದಿದೆ.

ಲೋರ್ನಾ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬರೆಯುವಾಗ ಥ್ಯಾಂಕ್ಸ್‌ಗಿವಿಂಗ್ ವಾರ ತಪ್ಪಿಸಬೇಕೆಂದು ಬಹಳ ಜಾಣತನದಿಂದ ಒಂದು ವಾರ ಹಿಂದೆ ಹೋಗಿದ್ದಳು. ಆ ಶನಿವಾರ ಖಾಲಿ ಕಂಡಿತ್ತು. ಹನ್ನೊಂದು ವರ್ಷ ಟೆಕ್ಸಾಸು, ಕೊರಿಯಾ ಅಲೆದವಳಿಗೆ ಅದು ಬರೀ ಶನಿವಾರವಾಗಿ ಕಂಡಿತ್ತು! ಹದಿನಾಲ್ಕನೇ ವಯಸ್ಸಿಗೇ ಅಪ್ಪನ ಪಕ್ಕ ಕೂತು ಜಿಂಕೆ ಹೊಡೆದವಳು ಅವಳು. ಹುಟ್ಟಿದ ಹಬ್ಬ ಮರೆತರೂ ಕ್ಷಮಿಸಬಹುದು, ಇದನ್ನು ಹೇಗೆ ಮರೆತೆ ಎಂದು ಅವಳಿಗೇ ತಿಳಿಯಲಿಲ್ಲ. ಹೇಳಿಬಿಡೋಣವೆಂದು ಬಾಯಿ ತೆರೆದಳು.

"ಲೋರ್ನಾ, ನೀನಾದ್ರೂ ಸ್ವಲ್ಪ ನೋಡ್ಬಾರ್ದಾಗಿತ್ತೇನೇ?" ಎಂದ ಸ್ಟಾನೆಕ್ ತಿರುಗಿ. "ಓ, ನಿನ್ ಕೈಗೆ ಬರೋಷ್ಟರಲ್ಲಿ ಸೈನ್ ಹಾಕ್ಬಿಟ್ಟಿದ್ನಾ ಪುಣ್ಯಾತ್ಮ? ಪಾಪ, ನೀನ್ ತಾನೇ ಏನ್ ಮಾಡ್ತೀಯ."

ಪ್ರಶ್ನೆಯನ್ನೂ ಅವನೇ ಕೇಳಿ ಉತ್ತರವನ್ನೂ ಅವನೇ ಕೊಟ್ಟುಬಿಟ್ಟ. ಲೋರ್ನಾ ತೆರೆದ ಬಾಯಿಗೆ ಕಾಫಿ ಸುರಿದುಕೊಂಡಳು.

ಸೋಮವಾರ ಬಾಗಿಲು ಹಾಕಿಕೊಂಡು ಬೆಟಾಲಿಯನ್ ಆಫೀಸಿಗೆ ಫೋನ್ ಮಾಡಿದಳು. ನವೆಂಬರ್ ಡ್ರಿಲ್ ಬೇರೆ ವಾರಕ್ಕೆ ಹಾಕಬಹುದೇ? ಅಲ್ಲಿನ ಗುಮಾಸ್ತ, ಮೈದಾನ ಗೊತ್ತುಮಾಡಿ ಆಗಿದೆ, ಬದಲಿಸಲು ಕಾರಣ ಬೇಕು ಎಂದ. ಕಾರಣ ಹೇಳಿದರೆ ತಪ್ಪು ಯಾರದೆಂದು ಹೇಳಬೇಕು. ಅವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು.

ಆಮೇಲೆ ರಜೆ ಚೀಟಿಗಳು ಬರತೊಡಗಿದವು. ನವೆಂಬರಿನ ಆ ಶನಿವಾರ ಹದಿನಾಲ್ಕು ಜನರ ಅಜ್ಜಿಯರು ತೀರಿಕೊಳ್ಳುವವರಿದ್ದರು. ಇಬ್ಬರು ಸೋದರಸಂಬಂಧಿಗಳು ಒಂದೇ ಅಜ್ಜಿಯನ್ನು ಬೇರೆ ಬೇರೆ ಕಾಯಿಲೆಗಳಿಂದ ಸಾಯಿಸಿದ್ದರು. ಆ ಅಜ್ಜಿ ಬರ್ನಡೀನಳ ಬೋಲಿಂಗ್ ತಂಡದವಳೇ. ವಿಷಯ ಗೊತ್ತಾಗಿ ಮೊಮ್ಮಕ್ಕಳಿಬ್ಬರ ಕಿವಿ ಹಿಂಡಿದಳಂತೆ, ಚೀಟಿಯನ್ನು ಮಾತ್ರ ವಾಪಸು ತೆಗೆಸಲಿಲ್ಲ. ಗಣಿತದ ಮೇಷ್ಟ್ರು ತನಗೆ ಆ ಶನಿವಾರ ಬೆನ್ನು ನೋವು ಬರುವುದೆಂದು ಮುಂಚಿತವಾಗಿ ತಿಳಿಸಿದ್ದ. ಹಾಬೆಕ್ ಸುಳ್ಳು ಹೇಳಲು ಬಾರದವನು, 'ಬರುವುದಿಲ್ಲ' ಎಂದು ಒಂದೇ ಪದ ಬರೆದು ಕೊಟ್ಟಿದ್ದ.

ಇಷ್ಟಾದರೆ ನಗಬಹುದಿತ್ತು. ಆದರೆ ಡಾಕ್ಟರ್ ಪ್ರೆಂಟಿಸನ ಕ್ಲಿನಿಕ್ಕಿಗೆ ಜನ ಬರುವುದು ನಿಂತಿತು. ಹಾಬೆಕ್ ಊದಿದ ದವಡೆಗೆ ಟವೆಲ್ ಕಟ್ಟಿಕೊಂಡು ನಲವತ್ತು ಮೈಲಿ ದೂರದ ಡಾಕ್ಟರ ಹತ್ತಿರ ಹೋದ. ಸ್ಟಾನೆಕ್ ಅಂಗಡಿಯಲ್ಲಿ ಡಾಕ್ಟರು ಸಾಸೇಜು ಕೇಳಿದರೆ, ಗಾಜಿನ ಆಚೆ ರಾಶಿ ಬಿದ್ದಿರುವಾಗಲೇ, "ಮುಗ್ದೋಯ್ತು ಸರ್" ಎಂಬ ಉತ್ತರ ಬಂತು. ಡ್ರಿಲ್ ದಿನ ಅದೇ ಸ್ಟಾನೆಕ್ ಅವನಿಗೆ ಸೆಟೆದು ಸೆಲ್ಯೂಟ್ ಹೊಡೆಯುತ್ತಿದ್ದ. ಸೈನ್ಯ ಬೇರೆ, ಸಾಸೇಜು ಬೇರೆ.

ಲೋರ್ನಾಳಿಗೆ ಅನ್ನ ಸೇರದಂತಾಯಿತು. ದಿನವೂ ಹೇಳಬೇಕೆಂದುಕೊಳ್ಳುವಳು, ದಿನವೂ ಹಿಂಜರಿಯುವಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲಾರ್ಚ್ ಫಾಲ್ಸ್ ಏನನ್ನೂ ಮರೆಯುವುದಿಲ್ಲ. ಮೂವತ್ತು ವರ್ಷದ ಹಿಂದೆ ಚರ್ಚಿನ ಊಟದಲ್ಲಿ ಒಬ್ಬಳು ಕಡುಬಿಗೆ ಸಕ್ಕರೆಯ ಬದಲು ಉಪ್ಪು ಹಾಕಿದ್ದಳು, ಇವತ್ತಿಗೂ ಅವಳ ಮಗನ ಹೆಸರು ಉಪ್ಪಿನ ಡೆನಿಸ್. ಬೇಟೆಯ ಮೊದಲ ದಿನ ಡ್ರಿಲ್ ಹಾಕಿದವಳೆಂದರೆ ಸಾಯುವವರೆಗೂ ಬಿಡುವುದಿಲ್ಲ, ಸತ್ತ ಮೇಲೆ ಸಮಾಧಿಯ ಹತ್ತಿರ ನಿಂತು ಹೇಳುತ್ತಾರೆ. ಜರ್ಮನಿಯಲ್ಲಾದರೆ ಈ ಶನಿವಾರದ ಹೆಸರು ಕೂಡ ಯಾರಿಗೂ ಗೊತ್ತಿಲ್ಲ.

ಸೆಪ್ಟೆಂಬರ್ ಮೂರನೇ ವಾರ ಮನಸ್ಸು ಗಟ್ಟಿ ಮಾಡಿ ಜರ್ಮನಿಯ ಅರ್ಜಿ ತುಂಬಿದಳು. ಕೊನೆಯಲ್ಲಿ ಒಂದು ಸಾಲು ಉಳಿದಿತ್ತು: ಈಗಿನ ಕಂಪನಿಯ ಕ್ಯಾಪ್ಟನ್ನನ ಬಿಡುಗಡೆ ಸಹಿ. ಕಾಗದ ಮಡಚಿಕೊಂಡು ಕ್ಲಿನಿಕ್ಕಿಗೆ ಹೋದಳು.

ಹೊರಗಿನ ಕುರ್ಚಿಗಳೆಲ್ಲ ಖಾಲಿ. ಪ್ರೆಂಟಿಸ್ ರೋಗಿಗಳು ಮಲಗುವ ಕುರ್ಚಿಯಲ್ಲಿ ತಾನೇ ಕಾಲು ಚಾಚಿ ಪತ್ರಿಕೆ ಓದುತ್ತಿದ್ದ.

"ಬನ್ನಿ ಸಾರ್ಜೆಂಟ್! ಹಲ್ಲು ನೋವಾ?" ಎಂದ ಆಸೆಯಿಂದ.

"ಇಲ್ಲ ಸರ್, ಸಹಿ."

"ಹಾಗಾದ್ರೆ ಈ ಊರಲ್ಲಿ ಎಲ್ರ ಹಲ್ಲೂ ಒಟ್ಟಿಗೇ ಸರಿಹೋಗಿದೆ ಅಂತಾಯ್ತು," ಎಂದು ಕಾಗದ ತೆಗೆದುಕೊಂಡ. ಓದುತ್ತ ಓದುತ್ತ ಹುಬ್ಬು ಮೇಲೇರಿತು. "ಹೊರಟ್ಬಿಟ್ರಾ?"

"ಸರ್, ಜನ ಯಾಕೆ ಬರ್ತಿಲ್ಲ ಅಂತ ನಿಮಗೆ ಗೊತ್ತಾ?"

"ಗೊತ್ತು. ನವೆಂಬರ್. ಹೋದ ವಾರ ನರ್ಸು ಹೇಳಿದ್ಲು. ಅದಕ್ಕೂ ಮುಂಚೆ ನಾನು, ಬಾಯಿ ವಾಸನೆ ಬರ್ತಿದೆಯೇನೋ ಅಂದ್ಕೊಂಡು ದಿನಕ್ಕೆ ಐದು ಸಲ ಉಜ್ತಾ ಇದ್ದೆ."

"ಪಟ್ಟಿ ಬರ್ದಿದ್ದು ನಾನು ಅಂತಾನೂ ಗೊತ್ತಲ್ಲ?"

"ಗೊತ್ತಿರದೆ ಏನು? ನೀವ್ ಕೊಟ್ರಿ, ನಾನ್ ಸೈನ್ ಹಾಕ್ದೆ. ಸೈನ್ ಯಾರದೋ ತಪ್ಪು ಅವರದು. ಸೈನ್ಯದಲ್ಲಿ ಹಾಗೇ ಅಲ್ವಾ?"

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

ಪ್ರೆಂಟಿಸ್ ಪೆನ್ನಿನ ಮುಚ್ಚಳ ತೆಗೆದ. "ಹೇಳಿದ್ರೆ ನಂಬೋದಿಲ್ಲ. ಇನ್ನೊಂದು, ನಿಮ್ಮಮ್ಮ ಇಲ್ಲಿದ್ದಾರೆ. ನಾನಂತೂ ಹೇಗೂ ಹೊರಗಿನವನು. ಇವರು ಇನ್ನೊಂದು ಹತ್ತು ವರ್ಷಕ್ಕೆ ನನ್ನನ್ನ ಕ್ಷಮಿಸ್ತಾರೆ, ಅಲ್ಲೀವರೆಗೂ ನಾನ್ ಎಲ್ಲಿಗೂ ಹೋಗಲ್ಲ. ಎಲ್ಲಿ ಹಾಕ್ಲಿ ಸೈನು?"

ಲೋರ್ನಾ ಹನ್ನೊಂದು ವರ್ಷದಲ್ಲಿ ಕೂಗಾಡುವ ಅಧಿಕಾರಿಗಳನ್ನು ಕಂಡಿದ್ದಳು, ಬೂಟು ಎಸೆಯುವವನನ್ನು ಒಬ್ಬನನ್ನು ಕಂಡಿದ್ದಳು. ಯಾರ ಮುಂದೆಯೂ ಅವಳಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಹೊರಗಿನವನು ಇಲ್ಲೇ ಇರುತ್ತೇನೆ ಎನ್ನುತ್ತಿದ್ದಾನೆ, ಇದೇ ಮಣ್ಣಲ್ಲಿ ಹುಟ್ಟಿದವಳು ಓಡಿಹೋಗಲು ಅವನ ಸಹಿ ಕೇಳುತ್ತಿದ್ದಾಳೆ. ಅವಳು ಕಾಗದ ಕಿತ್ತುಕೊಂಡಳು.

"ಇವತ್ತು ಬೇಡ ಸರ್. ಸೋಮವಾರ ಬರ್ತೀನಿ."

"ಬರೋವಾಗ ಯಾರನ್ನಾದ್ರೂ ಹಲ್ಲು ನೋವಿರೋರನ್ನ ಕರ್ಕೊಂಡ್ ಬನ್ನಿ," ಎಂದು ಅವನು ಹಿಂದಿನಿಂದ ಕೂಗಿದ.

ಅಂದು ಶುಕ್ರವಾರ. ಶುಕ್ರವಾರ ಸಂಜೆ ಊರಿಗೆ ಊರೇ ಕೆರೆಯ ಪಕ್ಕದ ಬಾರಿನಲ್ಲಿ ಹುರಿದ ಮೀನು ತಿನ್ನುತ್ತದೆ. ಐದೂವರೆಗೆ ಲೋರ್ನಾ ಹೋದಾಗ ಸ್ಟಾನೆಕ್ ಉದ್ದದ ಮೇಜಿನ ತಲೆಯಲ್ಲಿ ಕೂತು, ಇಲಿನಾಯ್‌ನವರು ಜಿಂಕೆಯೆಂದು ಹಸುವಿಗೆ ಗುಂಡು ಹೊಡೆದ ಕತೆ ಹೇಳುತ್ತಿದ್ದ. ಬರ್ನಡೀನ್ ತನ್ನ ತಂಡದ ಹೆಂಗಸರ ನಡುವೆ ಎಲೆಕೋಸಿನ ಪಲ್ಯ ಚಪ್ಪರಿಸುತ್ತಿದ್ದಳು. ಲೋರ್ನಾ ಕೂರಲಿಲ್ಲ. ಕೂತರೆ ಮತ್ತೆ ಏಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನವೆಂಬರ್ ಡ್ರಿಲ್ ಬರ್ದಿದ್ದು ಡಾಕ್ಟ್ರಲ್ಲ. ನಾನು," ಎಂದಳು ಗಟ್ಟಿಯಾಗಿ.

ಇಡೀ ಬಾರು ಗೊಳ್ಳೆಂದು ನಕ್ಕಿತು.

"ನೋಡ್ರಪ್ಪ, ಎಂಥಾ ಒಳ್ಳೇ ಹುಡ್ಗಿ!" ಎಂದ ಸ್ಟಾನೆಕ್ ಕಣ್ಣೊರೆಸಿಕೊಂಡು. "ಆಫೀಸರ್‌ನ ಬಿಟ್ಕೊಡಲ್ಲ. ಹೆತ್ತೋರು ಕೊಟ್ಟ ಸಂಸ್ಕಾರ. ಕೂತ್ಕೋ, ಮೀನ್ ತಿನ್ನು."

"ನಾನೇ ಆರ್ವಿಲ್. ನಿಜವಾಗ್ಲೂ."

"ಆಯ್ತಮ್ಮ, ನೀನೇ. ಉಪ್ಪು ಈ ಕಡೆ ಕೊಡು."

ನಿಜ ಹೇಳುವುದೇ ಕಷ್ಟವೆಂದುಕೊಂಡಿದ್ದಳು, ನಂಬಿಸುವುದು ಅದಕ್ಕಿಂತ ಕಷ್ಟವಾಯಿತು. ಲೋರ್ನಾಳಿಗೆ ಸಿಟ್ಟು ಬಂತು. "ಕೇಳ್ರಿ ಇಲ್ಲಿ! ಥ್ಯಾಂಕ್ಸ್‌ಗಿವಿಂಗ್ ತಪ್ಪಿಸೋಣ ಅಂತ ನಾನೇ ಒಂದು ವಾರ ಹಿಂದೆ ಹೋದೆ. ಬೇಟೆ ಅವತ್ತೇ ಅಂತ ನನಗೆ ಮರ್ತ್‌ಹೋಗಿತ್ತು. ಮರ್ತೋಯ್ತು ಅಷ್ಟೇ! ಪೆನ್ಸಿಲ್ಲಲ್ಲಿ ಬರ್ದಿದ್ದ ಕರಡು ಇನ್ನೂ ಮೇಜಲ್ಲಿದೆ, ಬೇಕಾದ್ರೆ ತೋರಿಸ್ತೀನಿ."

ಈಗ ಯಾರೂ ನಗಲಿಲ್ಲ. ಸ್ಟಾನೆಕ್ ಫೋರ್ಕ್ ಕೆಳಗಿಟ್ಟ.

"ನೀನು ಯಾರ ಮಗಳು?"

"ನಿಂಗೊತ್ತಲ್ಲ."

"ಗೊತ್ತು. ಆದ್ರೂ ಬಾಯ್ಬಿಟ್ಟು ಹೇಳು, ನಾಲ್ಕು ಜನ ಕೇಳ್ಲಿ."

"ಲಿಯೋ ಕುಬಿಯಾಕ್ ಮಗಳು."

"ಲಿಯೋ ಮಗಳು," ಎಂದು ಸ್ಟಾನೆಕ್ ಚಾವಣಿ ನೋಡಿದ. "ಕಾಲು ಮುರ್ಕೊಂಡಾಗ್ಲೂ ಸ್ಲೆಡ್ ಮೇಲೆ ಎಳಿಸ್ಕೊಂಡು ಕಾಡಿಗೆ ಹೋದೋನು. ಅವನ್ ಮಗಳು ಮರ್ತ್‌ಹೋದ್ಲಂತೆ."

ಮೊದಲು ಎದ್ದವಳು ಬರ್ನಡೀನ್. "ಅಯ್ಯೋ ನಿನ್ನ! ಹೆರಿಗೆ ನೋವು ಬಂದಾಗ ನಾನು ನಿಮ್ಮಪ್ಪನ್ನ ಕಾಡಿಂದ ಕರೆಸ್ಲಿಲ್ಲ ಕಣೇ, ಮೊದಲ ದಿನ ಅಂತ! ನಿಮ್ಮಣ್ಣ ಹುಟ್ಟಿದ್ದು ಗೊತ್ತಾಗಿದ್ದೇ ಅವನಿಗೆ ಸಂಜೆ. ಅಂಥ ಮನೇಲಿ ಹುಟ್ಟಿ ಡ್ರಿಲ್ ಹಾಕ್ತೀಯಾ ಡ್ರಿಲ್ಲು?"

ಕಟ್ಟೆ ಒಡೆಯಿತು. ಹಾಬೆಕ್ ಇನ್ನೂ ಊದಿಕೊಂಡೇ ಇದ್ದ ದವಡೆಯಲ್ಲೇ ಬೈದ, ಅರ್ಧ ಅರ್ಥವಾಗಲಿಲ್ಲ, ಅರ್ಥವಾದ ಅರ್ಧ ಬರೆಯುವಂತಿಲ್ಲ. ರಜೆ ಚೀಟಿಗಳಲ್ಲಿ ಎರಡು ಸಲ ಸತ್ತಿದ್ದ ಅಜ್ಜಿ ಎದ್ದು ನಿಂತು, "ನಿನ್ನ ದೆಸೆಯಿಂದ ನನ್ ಮೊಮ್ಮಕ್ಕಳು ಸುಳ್ಳು ಕಲಿತ್ರು" ಎಂದಳು. ಗಣಿತದ ಮೇಷ್ಟ್ರು, ಲೋರ್ನಾ ಆರನೇ ತರಗತಿಯಲ್ಲೂ ತಾರೀಖು ಲೆಕ್ಕದಲ್ಲಿ ಹಿಂದೆಯೇ ಇದ್ದಳೆಂದು ನೆನಪಿಸಿಕೊಂಡ. ಅಲ್ಲಿಂದ ಮಾತು ಹಿಂದಕ್ಕೆ ಹರಿಯಿತು. ಒಂಬತ್ತು ವರ್ಷದವಳಿದ್ದಾಗ ಬೇಲಿಯ ಬಾಗಿಲು ಮರೆತು ಯಾರದೋ ಹನ್ನೆರಡು ಹಸುಗಳನ್ನು ಹೆದ್ದಾರಿಗೆ ಬಿಟ್ಟದ್ದು ಬಂತು. ಪಾದ್ರಿಯ ದೋಣಿಯನ್ನು ಕಟ್ಟದೆ ಬಿಟ್ಟು ಅದು ಅಣೆಕಟ್ಟಿನವರೆಗೆ ತೇಲಿದ್ದು ಬಂತು. ಮರೆವು ಅವಳ ಅಜ್ಜನ ಕಡೆಯಿಂದ ಬಂದದ್ದೆಂದೂ, ಆ ಅಜ್ಜ ಒಮ್ಮೆ ಬೇರೆಯವರ ಕುದುರೆ ಹೂಡಿಕೊಂಡು ಮನೆಗೆ ಹೋದವನೆಂದೂ ಒಬ್ಬ ಮುದುಕ ಸಾಕ್ಷಿ ಹೇಳಿದ.

ಲೋರ್ನಾ ನಿಂತೇ ಕೇಳಿದಳು. ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಏನೋ ವಿಚಿತ್ರವಾಯಿತು. ಸೈನ್ಯದಲ್ಲಿ ಅವಳನ್ನು ಬೈದವರಿಗೆ ಬರವಿರಲಿಲ್ಲ. ಆದರೆ ಅಲ್ಲಿ ಬೈದದ್ದು ಅವಳ ದರ್ಜೆಯನ್ನು, ಅಂಗಿಯ ಮೇಲಿನ ಪಟ್ಟಿಯನ್ನು. ವರ್ಗವಾಗಿ ಹೋದ ಮರುದಿನ ಅದೇ ಬೈಗುಳ ಅದೇ ಜಾಗಕ್ಕೆ ಬಂದ ಇನ್ನೊಬ್ಬಳಿಗೆ ಸಲ್ಲುತ್ತಿತ್ತು. ಏಳು ಊರುಗಳಲ್ಲಿ ಒಬ್ಬರಿಗೂ ಅವಳ ಅಜ್ಜನ ಕುದುರೆಯ ಕತೆ ಗೊತ್ತಿರಲಿಲ್ಲ. ಇಷ್ಟು ಜನ ಸೇರಿ ಹೀಗೆ ಹೆಸರು ಹಿಡಿದು, ಅಪ್ಪ ಅಜ್ಜನನ್ನೆಲ್ಲ ಸೇರಿಸಿ ಅವಳನ್ನು ಬೈಯದೆ ಹನ್ನೆರಡು ವರ್ಷಕ್ಕೂ ಮೇಲಾಗಿತ್ತು. ಅವಳ ಕಣ್ಣಲ್ಲಿ ನೀರು ಬಂತು, ಅದರ ಜೊತೆಗೇ ತಡೆಯಲಾರದ ನಗು ಬಂತು.

"ನಗ್ತಾಳೆ ನೋಡು!" ಎಂದ ಸ್ಟಾನೆಕ್. "ಕೂತ್ಕೋ ನವೆಂಬರ್, ಮೀನ್ ತಣ್ಣಗಾಗುತ್ತೆ."

ಆ ಗಳಿಗೆಯಿಂದ ಅವಳ ಹೆಸರು ನವೆಂಬರ್ ಆಯಿತು. ಹಾಬೆಕ್ ಮರುದಿನ ಬೆಳಿಗ್ಗೆ ಏಳಕ್ಕೇ ಪ್ರೆಂಟಿಸನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಿದ್ದ. ಸ್ಟಾನೆಕ್ ಎರಡು ಸೇರು ಸಾಸೇಜು ಕಳಿಸಿದ. ಕ್ಷಮೆಯನ್ನು ಯಾರೂ ಕೇಳಲಿಲ್ಲ, ನಮ್ಮ ಕಡೆ ಆ ಅಭ್ಯಾಸವಿಲ್ಲ.

ಸೋಮವಾರ ಲೋರ್ನಾ ಗುಮಾಸ್ತನನ್ನು ಬಿಟ್ಟು, ಬೆಟಾಲಿಯನ್ನಿಗೇ ಹಿರಿತಲೆಯಾದ ಸಾರ್ಜೆಂಟ್ ಮೇಜರ್ ಟೋರ್ಕೆಲ್ಸನ್ನನಿಗೆ ನೇರ ಫೋನ್ ಮಾಡಿದಳು. ಮೂವತ್ತು ವರ್ಷ ಸರ್ವೀಸಿನ ಆ ಮನುಷ್ಯ ಫೋನಿನಲ್ಲಿ ನಕ್ಕದ್ದನ್ನು ಯಾರೂ ಕೇಳಿರಲಿಲ್ಲ. ಅವಳು ತಾರೀಖು ಹೇಳಿದಳು. ಆ ಕಡೆ ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದು ಕೇಳಿಸಿತು.

"ಅವತ್ತು ತಪಾಸಣೆಗೆ ಬರ್ಬೇಕಾದೋನು ಯಾರು?"

"ನೀವೇ, ಸಾರ್ಜೆಂಟ್ ಮೇಜರ್."

"ಬರ್ದಿದ್ಯಾರು?"

"ನಾನು. ಕುಬಿಯಾಕ್."

"ಯಾವೂರು?"

"ಲಾರ್ಚ್ ಫಾಲ್ಸ್."

"ಹುಟ್ಟಿದ್ದು?"

"ಹುಟ್ಟಿದ್ದೂ ಇಲ್ಲೇ."

"ದೇವ್ರೇ," ಎಂದ ಟೋರ್ಕೆಲ್ಸನ್. ಆಮೇಲೆ ದನಿ ತಗ್ಗಿತು. "ಜುಲೈನಲ್ಲಿ ಒಪ್ಪಿಗೆ ಹಾಕಿದ್ದು ನಾನು. ಓದ್ದೆ ಹಾಕಿದೀನಿ. ನನ್ ಹೆಂಡ್ತಿ ಮನೆ ಕಡೆಯೋರಿಗೆ ಇದು ಗೊತ್ತಾಗ್ಬಾರ್ದು, ತಿಳೀತಾ?"

"ತಿಳೀತು, ಸಾರ್ಜೆಂಟ್ ಮೇಜರ್."

ಬೆಳಿಗ್ಗೆ ಹನ್ನೊಂದರೊಳಗೆ ನವೆಂಬರ್ ಡ್ರಿಲ್ ತಿಂಗಳ ಮೊದಲ ವಾರಕ್ಕೆ ಸರಿಯಿತು. ಸೈನ್ಯದಲ್ಲಿ ಯಾವ ಕಾಗದವೂ ಅಷ್ಟು ಬೇಗ ಓಡಿದ್ದನ್ನು ಲೋರ್ನಾ ಕಂಡಿರಲಿಲ್ಲ. ಊರಿನ ಅಜ್ಜಿಯರೆಲ್ಲ ಒಮ್ಮೆಗೇ ಬದುಕಿಕೊಂಡರು.

ಅಂದೇ ಮಧ್ಯಾಹ್ನ ಅವಳು ಜರ್ಮನಿಯ ಅರ್ಜಿಯನ್ನು ಹರಿದು, ಇನ್ನೊಂದನ್ನು ಎಳೆದುಕೊಂಡಳು. ಕಾಯಂ ಕುರ್ಚಿಯ ಅರ್ಜಿ. ಹೆಸರು, ದರ್ಜೆ, ರಕ್ತದ ಗುಂಪು. ಹನ್ನೊಂದನೇ ಸಾಲಿನಲ್ಲಿ, ಮುಖ್ಯ ಸೈನ್ಯದ ಅವಕಾಶ ಇದ್ದೂ ಮೀಸಲು ಪಡೆಯನ್ನೇ ಆರಿಸಿಕೊಂಡ ಕಾರಣವೇನು ಎಂದು ಕೇಳಿತ್ತು. ಬರೆಯಲು ಎರಡಿಂಚು ಜಾಗ. ಅವಳು ಪೆನ್ನು ಕಚ್ಚಿ ಯೋಚಿಸಿ, 'ಇಲ್ಲಿ ನನ್ನನ್ನು ಬೈಯುವವರಿದ್ದಾರೆ' ಎಂದು ಬರೆದಳು. ಪ್ರೆಂಟಿಸ್ ಈ ಸಲ ಪ್ರತಿ ಅಕ್ಷರವನ್ನೂ ಓದಿ, ಕ್ಯಾಲೆಂಡರನ್ನೂ ಒಮ್ಮೆ ನೋಡಿ, ಸಹಿ ಹಾಕಿದ.

ಮೂರು ದಿನಕ್ಕೆ ಅರ್ಜಿ ವಾಪಸು ಬಂತು. ಹನ್ನೊಂದನೇ ಸಾಲಿನ ಪಕ್ಕ ಟೋರ್ಕೆಲ್ಸನ್ನನ ಕೆಂಪು ಪೆನ್ಸಿಲ್: 'ಇಂಥ ಕಾರಣ ನಮೂನೆಯಲ್ಲಿಲ್ಲ. ಕುಟುಂಬ ಎಂದು ಬರೆಯಿರಿ.'

ಲೋರ್ನಾ ಅದನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಹಳೆಯ ಸಾಲು ಹೊಡೆದುಹಾಕಿ 'ಕುಟುಂಬ' ಎಂದು ಬರೆದಳು. ಬರ್ನಡೀನ್ ಭುಜದ ಮೇಲಿನಿಂದ ಇಣುಕಿ ನೋಡಿದಳು.

"ಏನೇ ಇದು? ನನ್ ತಲೆಗ್ಯಾಕೆ ಕಟ್ತೀಯ? ನಾನ್ ಯಾವತ್ತು ಹೇಳ್ದೆ ಇರು ಅಂತ? ಹೋಗು ಹೋಗು ಅಂತ ಬಡ್ಕೊಂಡೆ!"

"ನೀನಲ್ಲಮ್ಮ," ಎಂದಳು ಲೋರ್ನಾ, ಸಹಿ ಹಾಕುತ್ತ.